ಕಲಿಯುವ ಕಿವಿಗೆ ಕೂಲಿಯೆಷ್ಟು?

ಬೆಂಗಳೂರಿನ ಒಂದು ರೆಕಾರ್ಡಿಂಗ್ ಸ್ಟುಡಿಯೊ. ಸಂಜೆಯ ಡಬ್ಬಿಂಗ್ ಮುಗಿದಿದೆ, ರಾತ್ರಿಯ ಮಿಕ್ಸಿಂಗ್ ಇನ್ನೂ ಶುರುವಾಗಿಲ್ಲ. ಮಾತಿಗೆ ಕೂತವರಲ್ಲಿ ಒಬ್ಬರು ಟೇಪಿನ ಕಾಲದಿಂದ ಈ ಕೆಲಸ ಮಾಡಿಕೊಂಡು ಬಂದ ಹಿರಿಯ ರೆಕಾರ್ಡಿಸ್ಟ್. ಇನ್ನೊಬ್ಬಳು ತಿಪಟೂರಿನಿಂದ ಬಂದು ಸೌಂಡ್ ಎಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿನಿ. ಅವರ ಕೈಕೆಳಗೇ ಇಂಟರ್ನ್‌ಶಿಪ್ ಮುಗಿಸುವ ಹಂತದಲ್ಲಿದ್ದಾಳೆ. ಕೆಲಸ ಕಲಿಯಲು ಬಂದವರ ದುಡಿಮೆಗೆ ಬೆಲೆ ಕಟ್ಟುವುದು ಹೇಗೆ ಎಂಬುದು ಇಬ್ಬರಿಗೂ ಹೊಟ್ಟೆಪಾಡಿನ ಪ್ರಶ್ನೆ.

ಹಿರಿಯರು: ಏನಮ್ಮ, ಇಂಟರ್ನ್‌ಶಿಪ್ ಮುಗೀತಾ ಬಂತು. ಖುಷಿಯಾಗಿರ್ತೀಯ ಅಂದ್ಕೊಂಡ್ರೆ ಏನೋ ಲೆಕ್ಕ ಹಾಕ್ತಾ ಕೂತಿದ್ದೀಯಲ್ಲ?

ವಿದ್ಯಾರ್ಥಿನಿ: ಲೆಕ್ಕಾನೇ ಸರ್. ಹಾಡು ಹುಟ್ಟೋದನ್ನ ಹತ್ತಿರದಿಂದ ನೋಡ್ತೀನಿ, ಕನ್ಸೋಲ್ ಮೇಲೆ ಕೈಯಿಡ್ತೀನಿ ಅಂತ ಬಂದೆ. ಕೇಬಲ್ ಸುತ್ತಿದೆ, ಮೈಕ್ ಸ್ಟ್ಯಾಂಡ್ ಎತ್ತಿಟ್ಟೆ, ಫೈಲುಗಳಿಗೆ ಹೆಸರು ಹಾಕಿದೆ, ಬ್ಯಾಕಪ್ ತೆಗೆದೆ, ಬಂದವರಿಗೆ ಕಾಫಿ ತರಿಸಿದೆ. ಪಿಜಿ ಬಾಡಿಗೆ, ಊಟ, ಬಸ್ಸು ಎಲ್ಲ ಅಪ್ಪನ ದುಡ್ಡು. ಇದು ಕಲಿಕೆಯಾ, ಬಿಟ್ಟಿ ಚಾಕರಿಯಾ, ನೀವೇ ಹೇಳಿ.

ಹಿರಿಯರು: ಕೇಬಲ್ ಸುತ್ತೋದರಲ್ಲಿ ಕಲಿಯೋದು ಏನೂ ಇರಲಿಲ್ವಾ?

ವಿದ್ಯಾರ್ಥಿನಿ: ಇತ್ತು. ಒಂದು ಸುತ್ತು ಹೊರಗಿಂದ, ಮುಂದಿನದು ಒಳಗಿಂದ ಹಾಕಿದ್ರೆ ತಿರುಚು ಒಂದನ್ನೊಂದು ಕಳೆಯುತ್ತೆ, ಒಳಗಿನ ತಂತಿ ಬಾಳಿಕೆ ಬರುತ್ತೆ. ಅದು ಒಂದು ಮಧ್ಯಾಹ್ನದ ಪಾಠ ಸರ್. ಆಮೇಲೆ ದಿನಾ ಸುತ್ತಿದ್ದು ಕೆಲಸ, ಪಾಠ ಅಲ್ಲ.

ಹಿರಿಯರು: ಕೈಗೆ ಅದು ಒಂದು ಮಧ್ಯಾಹ್ನದ ಪಾಠ. ತಲೆಗೆ ಅಷ್ಟು ಬೇಗ ಹತ್ತಲ್ಲ. ಹಾಡೋರು ಬೂತಲ್ಲಿ ನಿಂತಿದ್ದಾರೆ, ಗಂಟೆ ಲೆಕ್ಕದ ಬಾಡಿಗೆ ಓಡ್ತಿದೆ, ಇದ್ದಕ್ಕಿದ್ದಂತೆ ಮೈಕಿಂದ ಶಬ್ದ ಬರ್ತಿಲ್ಲ. ಎಲ್ಲಿ ಹುಡುಕ್ತೀಯ? ಮೈಕು, ಕೇಬಲ್ಲು, ಗೋಡೆಯ ಪ್ಯಾನೆಲ್ಲು, ಪ್ರೀಆಂಪು, ಕನ್ವರ್ಟರು, ಸಾಫ್ಟ್‌ವೇರು. ಕಂಡೆನ್ಸರ್ ಮೈಕಾದ್ರೆ 48 ವೋಲ್ಟ್ ಹೋಗ್ತಿದೆಯಾ ಅಂತ ಮೊದಲು ನೋಡಬೇಕು. ಕೇಬಲ್ ಎಳೆದು ಎಳೆದು ಆ ದಾರಿ ಮೈಯಲ್ಲಿ ಇಳಿದವರು ಅರ್ಧ ನಿಮಿಷದಲ್ಲಿ ಕಂಡುಹಿಡೀತಾರೆ. ಮಗ್ಗದ ಮನೆ ಮಕ್ಕಳು ನೇಯ್ಗೆಗೆ ಕೂರೋಕೆ ಮುಂಚೆ ಕಂಡಿಕೆ ಸುತ್ತೋದು ಇದಕ್ಕೇ ತಾನೆ?

ವಿದ್ಯಾರ್ಥಿನಿ: ಅದು ಅವರ ಮನೆಯ ಮಗ್ಗ ಸರ್. ಸೀರೆ ಮಾರಿದ ದುಡ್ಡು ಅದೇ ಮನೆಗೆ ಬರುತ್ತೆ, ಸುತ್ತಿದ ಮಗು ಅದೇ ದುಡ್ಡಲ್ಲಿ ಉಣ್ಣುತ್ತೆ. ಇಲ್ಲಿ ನಾನು ಸುತ್ತಿದ ಕೇಬಲ್ಲಿಂದ ಹೋದ ಹಾಡು ನನ್ನ ಮನೆಗೆ ಏನು ತರುತ್ತೆ?

ಹಿರಿಯರು: ದುಡ್ಡಿನ ಮಾತಿಗೆ ಬರ್ತೀನಿ, ತಪ್ಪಿಸ್ಕೊಳ್ಳಲ್ಲ. ಅದಕ್ಕೆ ಮುಂಚೆ ಒಂದು ಕೇಳ್ತೀನಿ. ಅವತ್ತು ಆ ಗಾಯಕಿ ಬಂದಿದ್ದಾಗ, ತಾಳ ಕೈಗೆ ಸಿಗ್ತಿಲ್ಲ ಅಂತ ಒದ್ದಾಡಿದ್ರಲ್ಲ, ನೆನಪಿದೆಯಾ?

ವಿದ್ಯಾರ್ಥಿನಿ: ಮರೆಯೋಕಾಗಲ್ಲ. ಎಲ್ಲರೂ ಅವರದೇ ತೊಂದರೆ ಅಂದ್ಕೊಂಡಿದ್ರು. ಹೆಡ್‌ಫೋನ್ ಬದಲಾಯಿಸಿದ್ರು, ಕ್ಲಿಕ್ ಜೋರು ಮಾಡಿದ್ರು. ನೀವು ಬಂದು ಕಂಪ್ಯೂಟರಿನ ಬಫರ್ 1024 ಸ್ಯಾಂಪಲ್ಲಿಂದ 128ಕ್ಕೆ ಇಳಿಸಿದ್ರಿ. ಮುಂದಿನ ಟೇಕ್ ಸರಾಗವಾಗಿ ಬಂತು. ಸೆಕೆಂಡಿಗೆ 48,000 ಸ್ಯಾಂಪಲ್ ಇರುವಾಗ 1024 ಅಂದ್ರೆ ಸುಮಾರು 21 ಮಿಲಿಸೆಕೆಂಡು, ಅದೂ ಒಂದು ದಾರಿಗೆ. ಅವರ ದನಿ ಒಳಗೆ ಹೋಗಿ ವಾಪಸ್ ಕಿವಿಗೆ ಬರೋ ಹೊತ್ತಿಗೆ ಅದರ ಎರಡರಷ್ಟು. 128 ಆದ್ರೆ ಒಂದು ದಾರಿಗೆ ಮೂರು ಮಿಲಿಸೆಕೆಂಡೂ ಇಲ್ಲ.

ಹಿರಿಯರು: ಈ ಲೆಕ್ಕ ಕಾಲೇಜಲ್ಲಿ ಹೇಳಿಕೊಟ್ಟಿದ್ರು ತಾನೆ?

ವಿದ್ಯಾರ್ಥಿನಿ: ಹೇಳಿಕೊಟ್ಟಿದ್ರು, ಪರೀಕ್ಷೆಯಲ್ಲೂ ಬರೆದಿದ್ದೆ. ಆ 21 ಮಿಲಿಸೆಕೆಂಡು ಒಬ್ಬ ಗಾಯಕಿಯ ಮುಖದಲ್ಲಿ ಹೇಗೆ ಕಾಣುತ್ತೆ ಅನ್ನೋದು ಮಾತ್ರ ಈ ಕೋಣೆಯಲ್ಲಿ ಗೊತ್ತಾಗಿದ್ದು. ಇಷ್ಟು ವರ್ಷ ಹಾಡಿದವರು ತಮ್ಮ ತಾಳಜ್ಞಾನದ ಮೇಲೇ ಅನುಮಾನಪಡೋಕೆ ಶುರುಮಾಡಿದ್ರು. ಅದನ್ನ ನೋಡಿದ್ದಕ್ಕೆ ನಿಮಗೆ ಋಣಿ. ಆದ್ರೆ ಒಂದು ಮಾತು ಸರ್. ನೀವು ಏನು ಮಾಡಿದ್ರಿ, ಯಾಕೆ ಮಾಡಿದ್ರಿ ಅಂತ ಯಾರೂ ನನಗೆ ಹೇಳಲಿಲ್ಲ. ಪರದೆ ಮೇಲೆ ಅಂಕಿ ಬದಲಾಗಿದ್ದು ಕಣ್ಣಿಗೆ ಬಿದ್ದಿದ್ದರಿಂದ ತಿಳೀತು. ಅದೇ ಹೊತ್ತಿಗೆ ಕಾಫಿ ತರೋಕೆ ಹೋಗಿದ್ದಿದ್ರೆ?

ಹಿರಿಯರು: ಹಾಡೋರ ಮುಂದೆ ಪಾಠ ಮಾಡೋಕಾಗಲ್ಲ ಕಣಮ್ಮ. ತಾಂತ್ರಿಕ ಮಾತು ಕಿವಿಗೆ ಬಿದ್ದ ಕೂಡಲೇ ಅವರ ಗಮನ ಹಾಡಿಂದ ಯಂತ್ರದ ಕಡೆ ಹೋಗುತ್ತೆ. ಅವರು ಭಾವದಲ್ಲಿ ಇರೋವಷ್ಟು ಹೊತ್ತು ನಾವು ಕಾಣಬಾರದು, ಕೇಳಿಸಲೂಬಾರದು.

ವಿದ್ಯಾರ್ಥಿನಿ: ಅವರು ಹೋದ ಮೇಲೆ ಹೇಳಬಹುದಿತ್ತಲ್ಲ?

ಹಿರಿಯರು: ಹೇಳಬಹುದಿತ್ತು. ನಮ್ಮ ಕಾಲದಲ್ಲಿ ಯಾರೂ ಹೇಳ್ತಿರಲಿಲ್ಲ, ನೋಡಿ ಕದೀಬೇಕಿತ್ತು. ನಾನು ಕಲಿತದ್ದು ಮದ್ರಾಸಲ್ಲಿ. ಆಗ ಕನ್ನಡ ಸಿನಿಮಾ ಹಾಡು ಬಹುಪಾಲು ಅಲ್ಲೇ ಆಗ್ತಿದ್ವು. ಶಂಕರ್ ನಾಗ್ ಬೆಂಗಳೂರಲ್ಲಿ ಸಂಕೇತ್ ಸ್ಟುಡಿಯೊ ಮಾಡಿದಾಗ ನಮ್ಮ ಹಾಡು ನಮ್ಮೂರಲ್ಲೇ ಆಗಬಹುದು ಅಂತ ನನ್ನಂಥವರಿಗೆ ಧೈರ್ಯ ಬಂತು. ಅಲ್ಲೀವರೆಗೆ ದೊಡ್ಡವರ ಬೆನ್ನ ಹಿಂದೆ ನಿಂತು, ಅವರ ಬೆರಳು ಯಾವ ಫೇಡರ್ ಮೇಲೆ ಹೋಯ್ತು ಅಂತ ನೋಡ್ತಾ ಕಲಿತೆ. ಎರಡಿಂಚಿನ 24 ಟ್ರ್ಯಾಕಿನ ಟೇಪು, ಸೆಕೆಂಡಿಗೆ 15 ಇಂಚು ಓಡಿಸಿದ್ರೆ ಒಂದು ರೀಲಿಗೆ ಸುಮಾರು 33 ನಿಮಿಷ. 30 ಇಂಚಾದ್ರೆ ಅದರ ಅರ್ಧ. ರೀಲು ದುಬಾರಿ. ತಪ್ಪಾದ ಜಾಗದಲ್ಲಿ ಪಂಚ್ ಒತ್ತಿದ್ರೆ ಚೆನ್ನಾಗಿ ಬಂದಿದ್ದ ಟೇಕ್ ಅಳಿಸಿಹೋಗ್ತಿತ್ತು. ಹೊಸಬರ ಕೈಗೆ ಯಾರು ಕೊಡ್ತಾರೆ ಹೇಳು?

ವಿದ್ಯಾರ್ಥಿನಿ: ಅದನ್ನೇ ನಾನೂ ಹೇಳೋದು. ಆಗ ಅಪಾಯ ಇತ್ತು, ಅದಕ್ಕೆ ಕಾಯಿಸೋದರಲ್ಲಿ ಅರ್ಥ ಇತ್ತು. ಈಗ 24 ಬಿಟ್, 48 ಕಿಲೋಹರ್ಟ್ಸಿನ ಒಂದು ಮೋನೊ ಟ್ರ್ಯಾಕ್ ನಿಮಿಷಕ್ಕೆ ಒಂಬತ್ತು ಎಂಬಿ ಕೂಡ ಇಲ್ಲ. ನಾಲ್ಕು ನಿಮಿಷದ ಹಾಡು, 60 ಟ್ರ್ಯಾಕ್ ಇದ್ರೂ ಎರಡು ಜಿಬಿ ಆಸುಪಾಸು. ಒಂದು ಪ್ರತಿ ಮಾಡಿ ಕೊಟ್ರೆ ನಾನು ಏನು ಕೆಡಿಸಿದ್ರೂ ಮೂಲಕ್ಕೆ ಕೂದಲು ಕೊಂಕಲ್ಲ. ಟೇಪ್ ಹೋಯ್ತು, ಟೇಪಿನ ಕಾಲದ ಕಟ್ಟುಪಾಡು ಮಾತ್ರ ಉಳೀತು.

ಹಿರಿಯರು: ಬಿಡುಗಡೆಯಾಗದ ಹಾಡು ಹೊರಗೆ ಹೋದ್ರೆ ಈ ಸ್ಟುಡಿಯೊ ಬಾಗಿಲು ಮುಚ್ಚಬೇಕಾಗುತ್ತೆ. ನಿರ್ಮಾಪಕರು ನಂಬಿ ಕೊಟ್ಟಿರ್ತಾರೆ. ಅದರ ಪ್ರತಿಯನ್ನ ನಿನ್ನ ಲ್ಯಾಪ್‌ಟಾಪಿಗೆ ಹಾಕಿಕೊಡೋಕಾಗುತ್ತಾ?

ವಿದ್ಯಾರ್ಥಿನಿ: ಹೊಸದು ಬೇಡ ಸರ್. ಹತ್ತು ವರ್ಷ ಹಳೆಯದು, ಎಲ್ಲರೂ ಕೇಳಿ ಮುಗಿಸಿದ ಹಾಡು, ಒಡೆಯರು ಒಪ್ಪಿದರೆ, ಇದೇ ಕೋಣೆಯಲ್ಲಿ, ಇದೇ ಸ್ಪೀಕರ್ ಮುಂದೆ. ನಾನು ಮಿಕ್ಸ್ ಮಾಡ್ತೀನಿ, ನೀವು ಕೇಳಿ ಎಲ್ಲಿ ಮುಗ್ಗರಿಸಿದೆ ಅಂತ ಹೇಳಿ.

ಹಿರಿಯರು: ಅದು ಆಗೋ ಮಾತು. ಆದ್ರೆ ನಿಮ್ಮ ವಯಸ್ಸಿನವರಿಗೆ ಮಿಕ್ಸ್ ಮಾಡೋದೇ ದೊಡ್ಡದಾಗಿ ಕಾಣುತ್ತೆ. ಒಳ್ಳೇ ಶಬ್ದ ಮೈಕಿನ ಮುಂದೆ ಹುಟ್ಟಬೇಕು. ಆ ಮೃದಂಗದ ದಿನ ಏನಾಯ್ತು ಹೇಳು.

ವಿದ್ಯಾರ್ಥಿನಿ: ಎರಡು ಕಡೆಗೂ ಮೈಕ್ ಇಟ್ಟಿದ್ವಿ. ಒಂದೊಂದೇ ಕೇಳಿದ್ರೆ ಚೆನ್ನಾಗಿತ್ತು, ಕೂಡಿಸಿದ ಕೂಡಲೇ ಎಡಗಡೆಯ ಗುಮ್ಮೆನ್ನೋ ನಾದ ತೆಳ್ಳಗಾಯ್ತು. ನಾನು ಈಕ್ವಲೈಜರ್ ಕಡೆ ನೋಡಿದೆ. ನೀವು ಒಳಗೆ ಹೋಗಿ ಒಂದು ಮೈಕನ್ನ ಗೇಣಿನಷ್ಟು ಜರುಗಿಸಿ ಬಂದ್ರಿ, ತುಂಬಿಕೊಳ್ತು. ಶಬ್ದ ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತೆ. ಗೇಣು ಅಂದ್ರೆ ಅರ್ಧ ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಅಷ್ಟು ಹೆಚ್ಚುಕಡಿಮೆಗೆ ಒಂದು ಮೈಕಿನ ಅಲೆ ಇನ್ನೊಂದರದನ್ನ ಅಳಿಸಿಬಿಡುತ್ತೆ.

ಹಿರಿಯರು: ಮನೆಯಲ್ಲಿ ಒಬ್ಬಳೇ ಕೂತು ಲ್ಯಾಪ್‌ಟಾಪಲ್ಲಿ ಮೃದಂಗದ ಸ್ಯಾಂಪಲ್ ಒತ್ತಿದ್ರೆ ಈ ತೊಂದರೆಯೂ ಬರಲ್ಲ, ಈ ಕಿವಿಯೂ ಬರಲ್ಲ.

ವಿದ್ಯಾರ್ಥಿನಿ: ಮನೆಯಲ್ಲಿ ಮಾಡೋರನ್ನ ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ ಸರ್. ಬಿಲ್ಲಿ ಐಲಿಶ್ ಮೊದಲ ಆಲ್ಬಮ್ಮನ್ನ ಅವಳೂ ಅವಳ ಅಣ್ಣ ಫಿನಿಯಸ್ಸೂ ಲಾಸ್ ಏಂಜಲೀಸಿನ ತಮ್ಮ ಮನೆಯ ಮಲಗೋ ಕೋಣೆಯಲ್ಲಿ ಮಾಡಿದ್ರು. 2020ರಲ್ಲಿ ಅದಕ್ಕೆ ವರ್ಷದ ಆಲ್ಬಮ್ ಅಂತ ಗ್ರ್ಯಾಮಿ ಬಂತು, ಧ್ವನಿಮುದ್ರಣದ ಗುಣಮಟ್ಟಕ್ಕೂ ಇನ್ನೊಂದು ಬಂತು. ದೊಡ್ಡ ಸ್ಟುಡಿಯೊದ ಬಾಗಿಲಲ್ಲಿ ಕಾಯದೇ ಇದ್ದವರು ಹಾಗೆ ಗೆದ್ದಿದ್ದಾರೆ. ನನ್ನ ಗೆಳತಿ ಹಾಸನದ ತನ್ನ ಮನೆಯಲ್ಲಿ ಒಂದು ಇಂಟರ್‌ಫೇಸು, ಒಂದು ಮೈಕು ಇಟ್ಕೊಂಡು ಹಾಡು ಮಾಡ್ತಿದ್ದಾಳೆ. ನಾನು ಕೇಬಲ್ ಸುತ್ತೋ ಹೊತ್ತಿಗೆ ಅವಳ ಹಾಡು ಜನ ಕೇಳ್ತಿದ್ದಾರೆ.

ಹಿರಿಯರು: ಕೇಳಲಿ, ಒಳ್ಳೇದೇ. ಆ ಗ್ರ್ಯಾಮಿಯ ಕತೆ ಪೂರ್ತಿ ಹೇಳು. ಗುಣಮಟ್ಟದ ಪ್ರಶಸ್ತಿ ಫಿನಿಯಸ್ ಜತೆಗೆ ರಾಬ್ ಕಿನೆಲ್ಸ್ಕಿಗೂ ಬಂತು. ಆ ಆಲ್ಬಮ್ಮಿನ ಮಿಕ್ಸ್ ಅವನದು, ಅದೇ ಅವನ ವೃತ್ತಿ. ಕೋಣೆಯಲ್ಲಿ ಹುಟ್ಟಿದ ಹಾಡಿಗೂ ಕೊನೆಗೆ ಪಳಗಿದ ಕಿವಿ ಬೇಕಾಯ್ತು. ಇನ್ನೂ ಒಂದಿದೆ. ಮನೆಯಲ್ಲಿ ನೀನು ಒಬ್ಬಳೇ. ಇಲ್ಲಿ ಎದುರಿಗೆ ಮನುಷ್ಯರಿದ್ದಾರೆ. ಶ್ರುತಿ ಇಳೀತು ಅಂತ ಟಾಕ್‌ಬ್ಯಾಕಲ್ಲಿ ಹೇಗೆ ಹೇಳ್ತೀಯ?

ವಿದ್ಯಾರ್ಥಿನಿ: ನೀವು ಹಾಗೆ ಹೇಳಿದ್ದೇ ಕೇಳಿಲ್ಲ. ‘ಚೆನ್ನಾಗಿ ಬಂತಮ್ಮ, ಇನ್ನೊಂದು ಸೇಫ್ಟಿ ತಗೊಂಡುಬಿಡೋಣ’ ಅಂತೀರಿ. ಆ ಎರಡನೇ ಟೇಕೇ ಇಟ್ಕೋತೀರಿ.

ಹಿರಿಯರು: ಅದು ಯಾವ ಸಿಲಬಸ್ಸಿನಲ್ಲಿ ಬರುತ್ತೆ? ಹಾಡೋರ ಮನಸ್ಸು ಕುಗ್ಗಿದ್ರೆ ದನಿ ಕುಗ್ಗುತ್ತೆ. ಮೈಕ್ ಅದನ್ನೂ ಹಿಡಿಯುತ್ತೆ. ಅದಕ್ಕೇ ಗಾಯಕರ ಜತೆ, ವಾದ್ಯದವರ ಜತೆ, ಸಿಟ್ಟಾಗೋ ನಿರ್ದೇಶಕರ ಜತೆ ಸುಮ್ನೆ ಕೂತು ನೋಡಬೇಕು ಅನ್ನೋದು. ಲಂಡನ್ನಿನ ಅಬೆ ರೋಡ್ ಸ್ಟುಡಿಯೊಗೆ ಜೆಫ್ ಎಮರಿಕ್ ಅಂತ ಹುಡುಗ 1962ರಲ್ಲಿ ಹದಿಹರೆಯದಲ್ಲೇ ಸಹಾಯಕನಾಗಿ ಸೇರ್ಕೊಂಡ. ದೊಡ್ಡವರ ಕೆಲಸ ನೋಡ್ತಾ ಬೆಳೆದ. 1966ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ಬೀಟಲ್ಸ್‌ನ ‘ರಿವಾಲ್ವರ್’ ಆಲ್ಬಮ್ಮಿಗೆ ಎಂಜಿನಿಯರಾದ. ಅಲ್ಲಿನ ನಿಯಮ ಮೀರಿ ಡ್ರಮ್ಮಿಗೆ ಹತ್ತಿರ ಮೈಕ್ ಇಟ್ಟು ಹೊಸ ಶಬ್ದವನ್ನೇ ತಂದ. ಮೊದಲು ನೋಡಿದ, ಆಮೇಲೆ ಮುರಿದ.

ವಿದ್ಯಾರ್ಥಿನಿ: ಅವನ ಬಗ್ಗೆ ನಾನೂ ಓದಿದ್ದೀನಿ ಸರ್. ಅವನು ಆ ಸ್ಟುಡಿಯೊದ ಒಡೆಯರಾದ ಇಎಂಐ ಕಂಪನಿಯ ನೌಕರ. ಸಹಾಯಕನಾದ ಕಾಲದಿಂದಲೇ ಸಂಬಳ ಇತ್ತು. ನೋಡ್ತಾ ಕೂರೋಕೂ ಅವನಿಗೆ ದುಡ್ಡು ಕೊಟ್ರು. ಬೀಟಲ್ಸ್ ಕಾಲದ ತಾಳ್ಮೆಯನ್ನ ನಮ್ಮಿಂದ ಕೇಳ್ತೀರಿ, ಆ ಕಾಲದ ಸಂಬಳದ ಪಟ್ಟಿ ಮಾತ್ರ ಯಾರೂ ತೆಗೆಯಲ್ಲ.

*ಹಿರಿಯರು ಉತ್ತರಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡರು. ಆ ಉದಾಹರಣೆಯನ್ನು ಅವರು ಹಿಂದೆಯೂ ಅನೇಕರಿಗೆ ಹೇಳಿದ್ದರು. ಯಾರೂ ಅದನ್ನು ಹೀಗೆ ತಿರುಗಿಸಿ ಕೇಳಿರಲಿಲ್ಲ.*

ಹಿರಿಯರು: ಅದು ನಿಜ. ಆದ್ರೆ ಇಎಂಐ ದೊಡ್ಡ ಕಂಪನಿ, ರೆಕಾರ್ಡ್ ಮಾರಿ ಬಂದ ಲಾಭದಲ್ಲಿ ಸ್ಟುಡಿಯೊ ನಡೀತಿತ್ತು. ನಮ್ಮದು ಬಾಡಿಗೆ ಕಟ್ಟಡ. ಹಾಡಿನ ಪ್ರೋಗ್ರಾಮಿಂಗ್ ಎಲ್ಲ ಸಂಗೀತ ನಿರ್ದೇಶಕರ ಮನೆಗೆ ಹೋಯ್ತು. ಇಪ್ಪತ್ತು ಪಿಟೀಲು ಕೂರ್ತಿದ್ದ ಹಾಲಲ್ಲಿ ಈಗ ಒಬ್ಬರು ಬಂದು ಒಂದು ಚರಣ ಹಾಡಿ ಹೋಗ್ತಾರೆ. ನಾವು ಉಸಿರಾಡ್ತಿರೋದು ಡಬ್ಬಿಂಗಿಂದ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದರ ವಿರುದ್ಧ ಆದೇಶ ಕೊಟ್ಟಮೇಲೆ ಕನ್ನಡಕ್ಕೆ ನಿಧಾನಕ್ಕೆ ಕೆಲಸ ಬಂತು. ಅದರಲ್ಲಿ ಉಳಿಯೋದು ಎಷ್ಟು ಅಂತ ಹೊರಗಿನವರಿಗೆ ಗೊತ್ತಿಲ್ಲ.

ವಿದ್ಯಾರ್ಥಿನಿ: ಆ ಡಬ್ಬಿಂಗ್ ಕೆಲಸದ ದೊಡ್ಡ ಪಾಲು ಇಂಟರ್ನ್‌ಗಳ ಮೇಲೆ ನಡೀತಿದೆ ಸರ್. ಸಾಲು ಸಾಲಾಗಿ ಸಂಭಾಷಣೆ ಕತ್ತರಿಸಿ, ಹೆಸರು ಹಾಕಿ, ತುಟಿಗೆ ಕೂರಿಸೋದು ನಾವು. ಅದರಲ್ಲಿ ಕಲಿತಿದ್ದೀನಿ, ಇಲ್ಲ ಅನ್ನಲ್ಲ. ಪರದೆ ಮೇಲಿನ ನಟ ತುಟಿ ಮುಚ್ಚಿದ ಕಡೆ ಪ, ಬ, ಮ ಬಂದ್ರೆ ಕಣ್ಣು ಒಪ್ಪುತ್ತೆ, ತುಟಿ ತೆರೆದಿರುವಾಗ ಬಂದ್ರೆ ಒಪ್ಪಲ್ಲ. ಅದನ್ನ ಗಮನಿಸಿದ ಮೇಲೆ ಯಾವ ಸಾಲನ್ನ ಎಲ್ಲಿ ಜರುಗಿಸಬೇಕು ಅಂತ ಕೈಗೆ ಬಂತು. ಆದ್ರೆ ಕೈಗೆ ಬಂದ ದಿನದಿಂದ ನಾನು ಮಾಡಿದ್ದು ಸಹಾಯಕ ಎಂಜಿನಿಯರ್ ಕೆಲಸ. ಪ್ರಸಾರವಾದ ಕಂತಲ್ಲಿ ನನ್ನ ಕೆಲಸ ಇದೆ, ನನ್ನ ಹೆಸರಿಲ್ಲ, ಕೂಲಿಯೂ ಇಲ್ಲ.

ಹಿರಿಯರು: ಹೆಸರಿನ ನೋವು ನನಗೂ ಇದೆ. ಕಾನೂನಿನ ಪ್ರಕಾರ ಧ್ವನಿಮುದ್ರಣದ ಕರ್ತೃ ಅಂದ್ರೆ ನಿರ್ಮಾಪಕ. 2012ರ ತಿದ್ದುಪಡಿಯಿಂದ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿಯ ಹಕ್ಕು ಗಟ್ಟಿಯಾಯ್ತು. ರೆಕಾರ್ಡ್ ಮಾಡಿದವನಿಗೆ ಅವತ್ತಿನ ಸಂಬಳ ಅಷ್ಟೇ. ಇಷ್ಟು ವರ್ಷ ದುಡಿದ ನನಗೇ ಇಲ್ಲ, ನಿನಗೆ ಎಲ್ಲಿಂದ ತರಲಿ?

ವಿದ್ಯಾರ್ಥಿನಿ: ನಿಮಗೆ ಆದ ಅನ್ಯಾಯ ನನಗೂ ಆಗಲಿ ಅಂತಲಾ ಸರ್? 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಅದರ ಕೆಳಗೆ ಒಪ್ಪಂದ ಮಾಡಿಕೊಂಡವರಿಗೆ ಸ್ಟೈಪೆಂಡ್ ಕೊಡಲೇಬೇಕು. ನನ್ನ ಹತ್ತಿರ ಅಂಥ ಒಪ್ಪಂದ ಎಲ್ಲಿದೆ? ಕಾಲೇಜು ಕೊಟ್ಟ ಒಂದು ಪತ್ರ ಇದೆ. ಇನ್ನೊಂದು, ಕೊನೇವರೆಗೆ ಕೂತವರಿಗೆ ಮಾತ್ರ ಕಲಿಕೆ ಅಂತೀರಿ. ಸೆಷನ್ ನಡುರಾತ್ರಿ ಮುಗಿಯುತ್ತೆ. ಹುಡುಗರು ಬೈಕ್ ಹತ್ತಿ ಹೋಗ್ತಾರೆ. ನಾನು ಕ್ಯಾಬಿಗೆ ಕೊಟ್ಟಿದ್ದು ಊಟಕ್ಕೆ ಕೊಟ್ಟಿದ್ದಕ್ಕಿಂತ ಜಾಸ್ತಿ. ಒಳ್ಳೇ ಮಿಕ್ಸಿಂಗ್ ನಡೆಯೋದು ರಾತ್ರಿ, ಅದನ್ನೇ ಬಿಟ್ಟು ಎಷ್ಟೋ ಸಲ ಎದ್ದು ಹೋಗಬೇಕಾಯ್ತು.

ಹಿರಿಯರು: ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಕಣಮ್ಮ. ಹೆಣ್ಣುಮಕ್ಕಳು ಸ್ಟುಡಿಯೊಗೆ ಹಾಡೋಕೆ ಬರ್ತಿದ್ರು. ಕನ್ಸೋಲಿನ ಮುಂದೆ ಕೂತವರನ್ನ ನಾನು ಬಹಳ ವರ್ಷ ನೋಡಲೇ ಇಲ್ಲ. ಅವರಿಗೆ ಆಸಕ್ತಿ ಇಲ್ಲ ಅಂತ ನಾವೆಲ್ಲ ಅಂದ್ಕೊಂಡಿದ್ವಿ. ರಾತ್ರಿ ಮನೆ ಮುಟ್ಟಿಸೋ ಹೊಣೆ ಸ್ಟುಡಿಯೊದ್ದು, ಅದು ಆಗಲೇಬೇಕು. ಆದ್ರೆ ಕೂಲಿಯ ವಿಷಯದಲ್ಲಿ ನನಗೊಂದು ಹೆದರಿಕೆ ಇದೆ, ಹೇಳ್ತೀನಿ ಕೇಳು. ಕೂಲಿ ಕೊಟ್ಟ ದಿನದಿಂದ ಯಜಮಾನ ಕೆಲಸದ ಲೆಕ್ಕ ಕೇಳ್ತಾನೆ. ಆ ಗಾಯಕಿ ಒದ್ದಾಡ್ತಿದ್ದಾಗ ನೀನು ಗೋಡೆಗೆ ಒರಗಿ ನೋಡ್ತಿದ್ದೆಯಲ್ಲ, ಆ ಹೊತ್ತಿಗೆ ‘ಇಲ್ಲೇನು ನಿಂತಿದ್ದೀಯ, ಆ ಕಂತಿನ ಫೈಲ್ ಮುಗಿಸು’ ಅಂತ ಪಕ್ಕದ ಕೋಣೆಗೆ ಕಳಿಸ್ತಾನೆ. ಏನೂ ಮಾಡದೆ ಕೇಳ್ತಾ ಕೂರೋ ಹಕ್ಕು ಈ ಕಸುಬಿನಲ್ಲಿ ಕಲಿಯೋರಿಗೆ ಮಾತ್ರ ಇರೋದು. ಎಂಜಿನಿಯರ್ ಆದಮೇಲೆ ನನಗೇ ಸಿಕ್ಕಿಲ್ಲ. ಎರಡು ಸಾವಿರಕ್ಕೋ ಮೂರು ಸಾವಿರಕ್ಕೋ ಅದನ್ನ ಮಾರ್ಕೋಬೇಡ.

ವಿದ್ಯಾರ್ಥಿನಿ: ಆ ಹಕ್ಕಿನ ಬೆಲೆ ನನಗೆ ಗೊತ್ತಾಗಿದೆ ಸರ್. ಇಲ್ಲಿಗೆ ಬಂದಾಗ ಹಾಡು ಕೇಳ್ತಿದ್ದೆ. ಈಗ ಹಾಡಿನ ಹಿಂದಿನ ಕೋಣೆ, ಉಸಿರು, ಹೆಡ್‌ಫೋನಿಂದ ಸೋರಿದ ಕ್ಲಿಕ್ಕು ಎಲ್ಲ ಬೇರೆ ಬೇರೆ ಕೇಳಿಸುತ್ತೆ. ಆದ್ರೆ ಆ ಹಕ್ಕು ಯಾರಿಗೆ ಸಿಗ್ತಿದೆ? ಬೆಂಗಳೂರಲ್ಲಿ ಮನೆ ಇರೋರಿಗೆ, ಇಲ್ಲಾ ಪಿಜಿ ಬಾಡಿಗೆ ಕಟ್ಟೋ ಅಪ್ಪ ಇರೋರಿಗೆ. ನನ್ನ ತರಗತಿಯಲ್ಲಿ ಕಲಬುರಗಿಯ ಹುಡುಗ ಒಬ್ಬನಿದ್ದಾನೆ. ಕಿವಿ ನನಗಿಂತ ಚುರುಕು. ಸಂಬಳ ಇಲ್ಲದ ಕಡೆ ಇರೋಕಾಗಲ್ಲ ಅಂತ ಮೊಬೈಲ್ ಅಂಗಡಿಗೆ ಸೇರ್ಕೊಂಡ. ಡಬ್ಬಿಂಗಲ್ಲಿ ಕಲಬುರಗಿ ಪಾತ್ರಕ್ಕೂ ಬೆಂಗಳೂರಿನ ನಾಲಿಗೆ ಬಂದಾಗ ತಪ್ಪು ಅಂತ ಹೇಳೋಕೆ ಈ ಕೋಣೆಯಲ್ಲಿ ಯಾರೂ ಇರಲಿಲ್ಲ. ಅವನಿದ್ದಿದ್ರೆ ಹೇಳ್ತಿದ್ದ.

ಹಿರಿಯರು: ಆ ಹುಡುಗನಿಗೆ ಕೊಡಬೇಕಾದ್ದು ಊಟ, ಬಾಡಿಗೆ, ಬಸ್ಸಿನ ದುಡ್ಡು. ಅದನ್ನ ಕೊಡಿಸೋಕೆ ಯಜಮಾನರ ಹತ್ತಿರ ನಾನು ಮಾತಾಡ್ತೀನಿ. ವಾರಕ್ಕೊಂದು ದಿನ ಹಳೇ ಹಾಡನ್ನ ಮಿಕ್ಸ್ ಮಾಡೋಕೆ ಕನ್ಸೋಲ್ ಬಿಟ್ಟುಕೊಡ್ತೀನಿ, ಸೆಷನ್ ಮುಗಿದಮೇಲೆ ಹತ್ತು ನಿಮಿಷ ಯಾಕೆ ಹೀಗೆ ಮಾಡಿದೆ ಅಂತ ಹೇಳ್ತೀನಿ. ಆದ್ರೆ ಅದನ್ನ ಕೂಲಿ ಅಂತ ಕರೆಯೋಕೆ ನನ್ನ ಮನಸ್ಸು ಒಪ್ಪಲ್ಲ. ಮೊದಲ ತಿಂಗಳೆಲ್ಲ ಕಲಿಯೋರಿಂದ ಸ್ಟುಡಿಯೊಗೆ ನಷ್ಟವೇ, ಲಾಭ ಅಲ್ಲ.

ವಿದ್ಯಾರ್ಥಿನಿ: ಮೊದಲ ತಿಂಗಳ ಮಾತು ಒಪ್ಪಿದೆ ಸರ್. ಆ ತಿಂಗಳು ಊಟ ಹಾಕಿ, ಸುಮ್ನೆ ಕೂತು ಕೇಳೋಕೆ ಬಿಡಿ. ನಾವು ಕತ್ತರಿಸಿ ಕೂರಿಸಿದ ಕಂತಿಗೆ ಸ್ಟುಡಿಯೊ ಬಿಲ್ ಹಾಕೋ ದಿನ ಕಲಿಕೆ ದುಡಿಮೆಯಾಗುತ್ತೆ. ಆ ದಿನದಿಂದ ಕೂಲಿ ಬೇಕು, ಕಾಗದದಲ್ಲಿ ಬರೆದ ಕೂಲಿ.

ಹಿರಿಯರು: ಆ ದಿನ ಯಾವುದು ಅಂತ ಯಾರು ನಿರ್ಧರಿಸೋದು, ನೀನಾ ನಾನಾ?

ವಿದ್ಯಾರ್ಥಿನಿ: ಇಬ್ಬರೂ ಕೂತು ನಿರ್ಧರಿಸೋಣ ಸರ್. ಕಲಿಸೋರು ಒಬ್ಬರೇ ಅದನ್ನ ನಿರ್ಧರಿಸಿದ್ದರಿಂದಲೇ ಆ ದಿನ ಇಷ್ಟು ವರ್ಷ ಯಾರಿಗೂ ಬಂದಿಲ್ಲ.

ಹಿರಿಯರು: ಕಲಿಯೋರು ಒಬ್ಬರೇ ನಿರ್ಧರಿಸಿದ್ರೆ ಅದು ಎರಡನೇ ದಿನವೇ ಬಂದುಬಿಡುತ್ತೆ, ಅದನ್ನೂ ಬರ್ಕೋ. ಬಾ, ಮಿಕ್ಸಿಂಗಿಗೆ ಹೊತ್ತಾಯ್ತು. ಇವತ್ತು ಕನ್ಸೋಲ್ ಮುಂದೆ ನೀನು ಕೂತ್ಕೋ, ಪಕ್ಕದಲ್ಲಿ ನಾನು ಕೂತು ಕೇಳ್ತೀನಿ. ಹೊತ್ತಾದ್ರೆ ಕ್ಯಾಬಿನ ದುಡ್ಡು ಸ್ಟುಡಿಯೊ ಲೆಕ್ಕಕ್ಕೆ ಬರೀತೀನಿ. ಯಜಮಾನರು ಕೇಳಿದ್ರೆ ವಾದ ಮಾಡೋದು ನನ್ನ ಕೆಲಸ.